ಅಜ್ಜಿಯನ್ನು ಅಮ್ಮ ಎನ್ನುತ್ತೇನೆ, ಅಮ್ಮನನ್ನು ಮಮ್ಮಿ. ನನ್ನ ಮನೆ ಯಾವುದು?

ಅಡಿಕೆತೋಟ09 (ಟೆಕ್ಸಾಸ್)

ಎಲ್ಲರಿಗೂ ನಮಸ್ಕಾರ. ನನಗೆ 16 ವರ್ಷ. ಡಲ್ಲಾಸ್ ಹತ್ತಿರ ಹೈಸ್ಕೂಲಿನಲ್ಲಿ ಹನ್ನೊಂದನೇ ಕ್ಲಾಸು. ಕನ್ನಡದಲ್ಲಿ ಇಷ್ಟುದ್ದ ಬರೆದು ತುಂಬಾ ವರ್ಷ ಆಯಿತು, ತಪ್ಪಿದ್ದರೆ ತಿದ್ದಿ. ನಾಲ್ಕನೇ ಕ್ಲಾಸಿನವರೆಗೆ ನಾನು ಓದಿದ್ದು ತೀರ್ಥಹಳ್ಳಿ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ.

ನಾನು ಹುಟ್ಟಿದ್ದು 2009ರಲ್ಲಿ, ಅಜ್ಜನ ಮನೆಯಲ್ಲಿ. 2010ರಲ್ಲಿ ಅಪ್ಪ ಅಮೆರಿಕಕ್ಕೆ ಹೋದರು. ಮರುವರ್ಷ ಮಮ್ಮಿ ಎಂಎಸ್ ಓದಲು ಹೋದರು. ನನ್ನನ್ನು ಅಜ್ಜ ಅಜ್ಜಿ ಹತ್ತಿರ ಬಿಟ್ಟರು. ಎರಡು ವರ್ಷದ ಮಾತು ಅಂತ ಇತ್ತಂತೆ, ಏಳು ವರ್ಷ ಆಯಿತು. ಅಜ್ಜಿಯನ್ನು ನಾನು ಅಮ್ಮ ಎಂದು ಕರೆದೆ, ಯಾರೂ ತಿದ್ದಲಿಲ್ಲ. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದಿಲ್ಲ, ತೋಟದ ಮೇಲಿನ ಗುಡ್ಡಕ್ಕೆ ಹೋಗಿ ಬಂಡೆ ಮೇಲೆ ಕೂರಬೇಕು. ಭಾನುವಾರ ಅಜ್ಜ ಕರೆದುಕೊಂಡು ಹೋಗುತ್ತಿದ್ದರು. ಹಾಗಾಗಿ ಮಮ್ಮಿ ಎಂದರೆ ನನಗೆ ಆ ಬಂಡೆ ಮೇಲೆ ಸಿಗುವವರು.

2018ರಲ್ಲಿ ನನ್ನನ್ನು ಇಲ್ಲಿಗೆ ಕರೆದುಕೊಂಡು ಬಂದರು. ತಮ್ಮ ಇಲ್ಲೇ ಹುಟ್ಟಿದವನು, ಆಗ ಅವನಿಗೆ ನಾಲ್ಕು ವರ್ಷ. ಬಂದ ವಾರ ಅವನು ಮಮ್ಮಿಯನ್ನು ಕೇಳಿದನಂತೆ, ಇವಳು ಎಷ್ಟು ದಿನ ಇರುತ್ತಾಳೆ ಅಂತ. ನನಗೆ ಆಗ ಇಂಗ್ಲಿಷ್ ಬರುತ್ತಿರಲಿಲ್ಲ. ಒಂದೆರಡು ವರ್ಷ ಆದ ಮೇಲೆ ಮಮ್ಮಿ ಯಾರಿಗೋ ಫೋನಿನಲ್ಲಿ ಹೇಳುವಾಗ ಗೊತ್ತಾಯಿತು.

ಶಾಲೆಯ ಮೊದಲ ದಿನ ಹಾಜರಿ ಕರೆದಾಗ ನನ್ನ ಹೆಸರೇ ಬರಲಿಲ್ಲ. ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ, ನಮ್ಮಲ್ಲಿ ಸುಮಾರು ಜನಕ್ಕೆ ಹಾಗೇ ಅಲ್ವಾ. ಅಮೆರಿಕದ ವೀಸಾದಲ್ಲಿ ಹಾಗಿದ್ದರೆ ಇರುವ ಹೆಸರನ್ನು ಸರ್‌ನೇಮ್ ಮಾಡಿ, ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂದು ಹಾಕುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅರ್ಥ. ಟೀಚರ್ ಅದನ್ನೇ ಹೆಸರು ಅಂದುಕೊಂಡು ಮೂರು ಸಲ ಕರೆದರು. ನಾನು ಕೈ ಎತ್ತಲಿಲ್ಲ.

ಈಗ ನನಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಗೆಳತಿಯರಿದ್ದಾರೆ. ಆದರೆ ತಮ್ಮ ಇಲ್ಲಿಯ ಸಿಟಿಜನ್, ನಾನು ಎಚ್-4, ಅಂದರೆ ಅಪ್ಪನ ಕೆಲಸದ ವೀಸಾ ಆಧಾರದ ಮೇಲೆ ಇರುವವಳು. ಬೇಸಿಗೆ ರಜೆಯಲ್ಲಿ ಗೆಳತಿಯರೆಲ್ಲ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ, ನಾನು ಮಾಡುವ ಹಾಗಿಲ್ಲ. ಈ ವರ್ಷ ಡ್ರೈವಿಂಗ್ ಲೈಸೆನ್ಸ್ ಬಂತು. ಅದರ ಮೇಲೆ ಲಿಮಿಟೆಡ್ ಟರ್ಮ್ ಎಂದು ಅಚ್ಚಾಗಿದೆ. ಕನ್ನಡ ಕೂಟಕ್ಕೆ ಹೋದರೆ ನಾನು 'ಎಂತ' ಅಂದಾಗ ಬೆಂಗಳೂರು ಕಡೆಯ ಮಕ್ಕಳು ನಗುತ್ತಾರೆ. ಊರಿಗೆ ಹೋದಾಗ ಪಕ್ಕದ ಮನೆಯವರು 'ಅಮೆರಿಕದವಳು ಬಂದಳು' ಎನ್ನುತ್ತಾರೆ. ಅದೂ ಊರಿಗೆ ಹೋಗಿದ್ದು ಒಂದೇ ಸಲ.

2021ರ ಮೇನಲ್ಲಿ ಅಜ್ಜ ತೀರಿಕೊಂಡರು. ಕೊರೊನಾ ಎರಡನೇ ಅಲೆ. ಕಾನ್ಸುಲೇಟಿನಲ್ಲಿ ಮಾಮೂಲಿ ಅಪಾಯಿಂಟ್‌ಮೆಂಟ್ ನಿಲ್ಲಿಸಿದ್ದರು, ಹೋದರೆ ವಾಪಸ್ ಬರಲು ವೀಸಾ ಸ್ಟಾಂಪಿಂಗ್ ಆಗದೆ ಅಲ್ಲೇ ಉಳಿಯಬೇಕಾಗುತ್ತದೆ ಎಂದು ಯಾರೂ ಹೋಗಲಿಲ್ಲ. ಸಿಗ್ನಲ್ ಇಲ್ಲವಲ್ಲ, ಎಲ್ಲಾ ಮುಗಿದ ಮೇಲೆ ಮಾವ ವಿಡಿಯೋ ಕಳಿಸಿದರು.

ಈಗ ಬರೆಯುತ್ತಿರುವುದು ಯಾಕೆ ಎಂದರೆ, ಹೋದ ವಾರ ಇಂಗ್ಲಿಷ್ ಟೀಚರ್ ಮುಂದಿನ ವರ್ಷದ ಕಾಲೇಜು ಅರ್ಜಿಗೆ ಅಭ್ಯಾಸ ಆಗಲಿ ಎಂದು ಒಂದು ಪ್ರಬಂಧ ಬರೆಯಲು ಹೇಳಿದರು. ವಿಷಯ 'ಮನೆ'. ನಾನು ಅಡಿಕೆ ಸುಲಿಯುವ ರಾತ್ರಿಯ ಬಗ್ಗೆ ಬರೆದೆ. ಅಂಗಳದಲ್ಲಿ ಹತ್ತು ಹನ್ನೆರಡು ಜನ ಮೆಟ್ಟುಗತ್ತಿ ಮುಂದೆ ಕೂತು ಮಾತಾಡುತ್ತಾ ಸುಲಿಯುತ್ತಾರೆ, ನಾನು ಅಜ್ಜಿಯ ಬೆನ್ನಿಗೆ ಒರಗಿ ನಿದ್ದೆ ಮಾಡುತ್ತಿದ್ದೆ. ಅದನ್ನೇ ಬರೆದೆ. ಮಮ್ಮಿ ಓದಿದರು. ಹದಿನಾಲ್ಕು ವರ್ಷದಿಂದ ನಾನು ಕಟ್ಟಿದ ಈ ಮನೆ ನಿನಗೆ ಮನೆ ಅಲ್ವಾ ಅಂದರು. ಆಮೇಲೆ ಎರಡು ದಿನ ಮಾತಾಡಲಿಲ್ಲ. ಅವರು ಅಳುತ್ತಿದ್ದುದು ಕೇಳಿಸುತ್ತಿತ್ತು.

ನನಗೆ ಮಮ್ಮಿ ಮೇಲೆ ಪ್ರೀತಿ ಇಲ್ಲ ಅಂತಲ್ಲ. ಏನು ಮಾಡಲಿ ಹೇಳಿ.

ಹಾಸನದ ಅಕ್ಕ (ನ್ಯೂಜೆರ್ಸಿ)

ಪುಟ್ಟಿ, ನಾನು ನಿನ್ನ ಮಮ್ಮಿಯ ಜಾಗದಲ್ಲಿ ನಿಂತವಳು. ನನ್ನ ಮಗ 2012ರಲ್ಲಿ ಇಲ್ಲೇ ಹುಟ್ಟಿದ. ಈ ದೇಶದಲ್ಲಿ ಹೆರಿಗೆಗೆ ಸಂಬಳದ ರಜೆ ಕೊಡಲೇಬೇಕೆಂಬ ಕೇಂದ್ರ ಕಾನೂನು ಇಲ್ಲ. 1993ರ ಕಾನೂನಿನಲ್ಲಿ 12 ವಾರ ರಜೆ ಇದೆ, ಅದೂ ಸಂಬಳವಿಲ್ಲದ್ದು, ಅದೂ ಒಂದು ವರ್ಷ ಕೆಲಸ ಮಾಡಿದ್ದರೆ ಮಾತ್ರ. ನಾನು ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ರಜೆ ಎಂದು ಕೇಳಿದರೆ ಕೆಲಸ ಹೋಗುತ್ತಿತ್ತು, ಕೆಲಸ ಹೋದರೆ ವೀಸಾ ಹೋಗುತ್ತಿತ್ತು. ಡೇಕೇರ್ ಖರ್ಚು ನಮ್ಮ ಮನೆ ಬಾಡಿಗೆಗಿಂತ ಜಾಸ್ತಿ. ಐದು ತಿಂಗಳಿದ್ದಾಗ ಅವನನ್ನು ಹಾಸನಕ್ಕೆ ಕಳಿಸಿದೆ. ನನ್ನ ಅಮ್ಮ ಬಂದು ಕರೆದುಕೊಂಡು ಹೋದರು. ವಿಮಾನ ಹೊರಟ ಮೇಲೂ ನನಗೆ ಹಾಲು ಬರುತ್ತಿತ್ತು. ಇದನ್ನು ಇವತ್ತಿನವರೆಗೆ ಎಲ್ಲೂ ಬರೆದಿಲ್ಲ.

ಮೂರು ವರ್ಷಕ್ಕೆ ವಾಪಸ್ ಕರೆದುಕೊಂಡು ಬಂದಾಗ ಅವನು ಎರಡು ತಿಂಗಳು ನನ್ನನ್ನು ಆಂಟಿ ಎಂದ. ರಾತ್ರಿ ಎದ್ದು 'ಅಜ್ಜಿ' ಎಂದು ಬಾಗಿಲ ಹತ್ತಿರ ಹೋಗಿ ನಿಲ್ಲುತ್ತಿದ್ದ. ನಾನು ಹಿಂದೆ ನಿಂತು ನೋಡುತ್ತಿದ್ದೆ. ಎತ್ತಿಕೊಂಡರೆ ಜಾಸ್ತಿ ಅಳುತ್ತಿದ್ದ.

ನಿನ್ನ ಪ್ರಬಂಧ ಓದಿದ್ದರೆ ನಾನೂ ಅಳುತ್ತಿದ್ದೆ. ಅದರಲ್ಲಿ ನಿನ್ನ ತಪ್ಪು ಒಂದಿಷ್ಟೂ ಇಲ್ಲ. ಆದರೆ ಮಮ್ಮಿ ನಿನಗೆ ಆ ದಿನಗಳ ಬಗ್ಗೆ ಏನಾದರೂ ಹೇಳಿದ್ದಾರಾ? ನಾನು ನನ್ನ ಮಗನಿಗೆ ಹೇಳಿಲ್ಲ. ಈಗ ಅವನಿಗೆ 13. ಯಾವ ಬಾಯಿಂದ ಹೇಳುವುದು ಅಂತ ಪ್ರತಿ ವರ್ಷ ಅಂದುಕೊಂಡು ಮುಂದೆ ಹಾಕಿದ್ದೇನೆ.

ರಾಮನಗರ ಅಂಕಲ್ (ಹ್ಯೂಸ್ಟನ್)

ನೇರವಾಗಿ ಹೇಳುತ್ತೇನಮ್ಮ, ಬೇಜಾರು ಮಾಡಿಕೊಳ್ಳಬೇಡ. ನಿನ್ನ ಅಪ್ಪ ಅಮ್ಮ ಮೋಜಿಗೆ ಬಂದಿಲ್ಲ. 2010ರಲ್ಲಿ ಇಲ್ಲಿ ಹೇಗಿತ್ತು ಅಂತ ನನಗೆ ಗೊತ್ತು. ಒಂದೇ ಅಪಾರ್ಟ್‌ಮೆಂಟಿನಲ್ಲಿ ನಾವು ಐದು ಜನ, ಪ್ರಾಜೆಕ್ಟ್ ಯಾವಾಗ ಮುಗಿಯುತ್ತದೋ ಗೊತ್ತಿಲ್ಲ. ಆಗ ಎಚ್-1 ಎಂಬ ಕೆಲಸದ ವೀಸಾದಲ್ಲಿ ಕೆಲಸ ಹೋದರೆ ಬೇರೆ ಕೆಲಸ ಹುಡುಕಲು ಈಗಿನ ಹಾಗೆ 60 ದಿನದ ಅವಧಿಯೂ ಇರಲಿಲ್ಲ, ಅದು ಬಂದಿದ್ದು 2017ರಲ್ಲಿ. ಅಂಥ ಕಡೆಗೆ ಒಂದು ವರ್ಷದ ಮಗುವನ್ನು ಕರೆತರುವುದು ಹೇಗೆ? ಮಗು ಅಜ್ಜಿ ಮನೆಯಲ್ಲಿ ಹಾಲು ಮೊಸರು ತಿಂದುಕೊಂಡು ಸುಖವಾಗಿರಲಿ ಎಂದು ಬಿಟ್ಟರು. ಇದನ್ನು ನೀನು ಅರ್ಥ ಮಾಡಿಕೊಳ್ಳಬೇಕು. ಅವರಿಗೊಂದು ಸಾರಿ ಹೇಳು. ಮಾತು ಮುಗಿಯಿತು.

ಅಡಿಕೆತೋಟ09

ಅಂಕಲ್, ನಾನು ಸುಖವಾಗಿಯೇ ಇದ್ದೆ. ಕಷ್ಟ ಆಗಿದ್ದು ಅಲ್ಲಿಂದ ಬಂದಾಗ. ಅಪ್ಪ ಅಮ್ಮ ಬಿಟ್ಟು ಹೋದದ್ದಕ್ಕೆ ಎಲ್ಲರೂ ಕಾರಣ ಹೇಳುತ್ತಾರೆ. ಅದು ನನಗೆ ನೆನಪೂ ಇಲ್ಲ. ನನಗೆ ನೆನಪಿರುವುದು 2018. ಆ ದಿನ ನಾನು ಕಳೆದುಕೊಂಡಿದ್ದು ನನ್ನ ಅಮ್ಮನನ್ನೇ ಅಲ್ವಾ. ಎಲ್ಲರೂ 'ಅಪ್ಪ ಅಮ್ಮನ ಹತ್ತಿರ ಹೋಗುತ್ತಿದ್ದೀಯ, ಅದೃಷ್ಟವಂತೆ' ಅಂದರು. ಹಾಗಾಗಿ ಅಳುವ ಹಾಗೂ ಇರಲಿಲ್ಲ.

ಸಾರಿ ಹೇಳಬಹುದು. ಯಾವುದಕ್ಕೆ ಅಂತ ಗೊತ್ತಾಗುತ್ತಿಲ್ಲ.

ಟೊರೊಂಟೊ ತಮ್ಮಯ್ಯ

ತಂಗಿ, ಮನಸ್ಸಿನ ವಿಷಯ ಉಳಿದವರು ಹೇಳುತ್ತಾರೆ. ನಾನು ಕಾಗದದ ವಿಷಯ ಹೇಳುತ್ತೇನೆ, ಯಾಕೆಂದರೆ ನನಗೆ ಸರಿಯಾದ ಸಮಯಕ್ಕೆ ಯಾರೂ ಹೇಳಲಿಲ್ಲ.

ನಾನು ಐದು ವರ್ಷದವನಿದ್ದಾಗ, 2002ರಲ್ಲಿ, ಎಚ್-4ನಲ್ಲಿ ಅಮೆರಿಕಕ್ಕೆ ಬಂದೆ. ದಿನಾ ಬೆಳಿಗ್ಗೆ ಎದೆ ಮೇಲೆ ಕೈ ಇಟ್ಟು ಅವರ ಬಾವುಟಕ್ಕೆ ಪ್ರತಿಜ್ಞೆ ಹೇಳುತ್ತಿದ್ದೆ. ನಾನು ಅಮೆರಿಕದವನಲ್ಲ ಎಂದು ಗೊತ್ತಾಗಿದ್ದು ಹೈಸ್ಕೂಲಿನಲ್ಲಿ, ಕಾಲೇಜಿಗೆ ಸರ್ಕಾರದ ಸಹಾಯಧನದ ಅರ್ಜಿ ತುಂಬುವಾಗ. ಎಚ್-4 ಇರುವುದು 21 ತುಂಬುವವರೆಗೆ ಮಾತ್ರ. ಅಷ್ಟರಲ್ಲಿ ಅಪ್ಪನ ಗ್ರೀನ್ ಕಾರ್ಡ್, ಅಂದರೆ ಇಲ್ಲಿ ಕಾಯಂ ಇರುವ ಅನುಮತಿ, ಬರದಿದ್ದರೆ ನಮ್ಮ ಹೆಸರು ಆ ಅರ್ಜಿಯಿಂದ ಬಿದ್ದುಹೋಗುತ್ತದೆ. ಇದಕ್ಕೆ ಏಜ್ ಔಟ್ ಎನ್ನುತ್ತಾರೆ. ಕೆಲಸದ ಆಧಾರದ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000. ಅದರಲ್ಲಿ ಯಾವ ದೇಶಕ್ಕೂ 7 ಶೇಕಡಾಕ್ಕಿಂತ ಜಾಸ್ತಿ ಇಲ್ಲ, ಬೇರೆಯವರು ಬಿಟ್ಟಿದ್ದು ಉಳಿದರೆ ಮಾತ್ರ ಜಾಸ್ತಿ ಸಿಗುತ್ತದೆ. ಪುಟ್ಟ ದೇಶಕ್ಕೂ ಅಷ್ಟೇ, ಭಾರತಕ್ಕೂ ಅಷ್ಟೇ. ಹಾಗಾಗಿ ನಮ್ಮ ಸಾಲು ಕರಗುವುದೇ ಇಲ್ಲ. 2002ರ ಒಂದು ಕಾನೂನಿನ ಪ್ರಕಾರ ಅರ್ಜಿ ಕಚೇರಿಯಲ್ಲಿ ಕೊಳೆತ ದಿನಗಳನ್ನು ವಯಸ್ಸಿನಿಂದ ಕಳೆಯಬಹುದು, ಆದರೆ ಅದು ಸಾಮಾನ್ಯವಾಗಿ ತಿಂಗಳ ಲೆಕ್ಕ. 2023ರಲ್ಲಿ ವಯಸ್ಸು ಲೆಕ್ಕ ಹಾಕುವ ರೀತಿಯನ್ನು ಸ್ವಲ್ಪ ಸಡಿಲ ಮಾಡಿದ್ದರು, 2025ರ ಆಗಸ್ಟ್‌ನಲ್ಲಿ ಮತ್ತೆ ಬಿಗಿ ಮಾಡಿದರು.

ಚಿಕ್ಕಂದಿನಲ್ಲಿ ಬಂದವರನ್ನು ಗಡೀಪಾರು ಮಾಡದೆ ಇರಲು ಬಿಡುವ ಡಾಕಾ ಎಂಬ ಯೋಜನೆಯ ಬಗ್ಗೆ ಗೆಳೆಯರು ಹೇಳುತ್ತಾರೆ, ಅದು ನಮಗಿಲ್ಲ. 2012ರ ಜೂನ್ 15ರಂದು ಕಾಗದವಿಲ್ಲದೆ ಇದ್ದವರಿಗೆ ಅದು. ನನಗೆ ಕಾಗದ ಇತ್ತು. ಕಾನೂನು ಪಾಲಿಸಿದ್ದಕ್ಕೇ ನಾನು ಹೊರಗೆ ಉಳಿದೆ. 2021ರಲ್ಲಿ ನಮ್ಮಂಥವರಿಗಾಗಿ ಒಂದು ಮಸೂದೆ ಬಂತು, ಪಾಸಾಗಲಿಲ್ಲ.

ನಾನು 21ಕ್ಕೆ ಮೊದಲೇ ಎಫ್-1 ಎಂಬ ವಿದ್ಯಾರ್ಥಿ ವೀಸಾಕ್ಕೆ ಬದಲಾದೆ, ಹದಿನಾರು ವರ್ಷ ಅಲ್ಲೇ ಬೆಳೆದು ವಿದೇಶಿ ವಿದ್ಯಾರ್ಥಿ ಆದೆ. ಡಿಗ್ರಿ ಆಯಿತು, ಕೆಲಸ ಸಿಕ್ಕಿತು, ಎಚ್-1 ಲಾಟರಿಯಲ್ಲಿ ಮೂರು ಸಲ ಹೆಸರು ಬರಲಿಲ್ಲ. 2022ರಲ್ಲಿ ಕೆನಡಾಕ್ಕೆ ಬಂದೆ. ಈಗ ನನಗೆ ಮೂರು ಊರು. ಯಾರಾದರೂ ಎಲ್ಲಿಯವನು ಎಂದರೆ ಚನ್ನರಾಯಪಟ್ಟಣ ಎನ್ನುತ್ತೇನೆ, ಅಲ್ಲಿ ನಾನಿದ್ದಿದ್ದು ನಾಲ್ಕೇ ವರ್ಷ.

ನೀನು ಮಾಡಬೇಕಾದದ್ದು: ಅಪ್ಪನ ಪ್ರಯಾರಿಟಿ ಡೇಟ್, ಅಂದರೆ ಗ್ರೀನ್ ಕಾರ್ಡ್ ಸಾಲಿಗೆ ಸೇರಿದ ದಿನ, ಯಾವುದು ಕೇಳು. ಒಳ್ಳೆಯ ವಕೀಲರನ್ನು ಈ ವರ್ಷವೇ ಕಂಡು ಬನ್ನಿ, ನಿನಗೆ 21 ತುಂಬುವ 2030 ಬಹಳ ದೂರ ಇಲ್ಲ. ಮಕ್ಕಳಿಗೆ ಆತಂಕ ಯಾಕೆ ಎಂದು ನಮ್ಮ ಅಪ್ಪ ನನ್ನಿಂದ ಇದನ್ನು ಮುಚ್ಚಿಟ್ಟರು. ಗೊತ್ತಿದ್ದಿದ್ದರೆ ನಾನು ಓದುವ ವಿಷಯವನ್ನೇ ಬೇರೆ ಆರಿಸುತ್ತಿದ್ದೆ.

ಭಾನುವಾರದ ಮೇಷ್ಟ್ರು (ಕ್ಯಾಲಿಫೋರ್ನಿಯಾ)

ಮಗಳೇ, ನಾನಿಲ್ಲಿ ಭಾನುವಾರ ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ಮೊದಲು ಒಂದು ವಿಷಯ. ನಿನ್ನ 'ಎಂತ' ಬಿಡಬೇಡ. ನಕ್ಕ ಮಕ್ಕಳಿಗೆ ಕನ್ನಡ ಒಂದೇ ತರ ಇರುತ್ತದೆ ಎಂದು ಕಲಿಸಿದವರು ನಾವು ದೊಡ್ಡವರು, ತಪ್ಪು ನಮ್ಮದು. ನನ್ನ ಕ್ಲಾಸಿನಲ್ಲಿ ಧಾರವಾಡದ ಮಗು, ಮಂಗಳೂರಿನ ಮಗು, ಕೊಳ್ಳೇಗಾಲದ ಮಗು ಎಲ್ಲಾ ಇದ್ದಾರೆ. 'ಏನು' ಎನ್ನುವುದನ್ನು ಯಾರ್ಯಾರ ಮನೆಯಲ್ಲಿ ಹೇಗೆ ಹೇಳುತ್ತಾರೆ ಎಂದು ಒಂದು ದಿನ ಬೋರ್ಡಿನ ಮೇಲೆ ಬರೆಸಿದೆ. ಅವತ್ತು ಮಕ್ಕಳು ಬೆಲ್ ಹೊಡೆದರೂ ಏಳಲಿಲ್ಲ.

ಇನ್ನೊಂದು. ಐಡೆಂಟಿಟಿ ಕ್ರೈಸಿಸ್ ಎಂಬ ಮಾತು ನಿಮ್ಮ ಶಾಲೆಯಲ್ಲಿ ಕೇಳಿರುತ್ತೀಯ. ಅದನ್ನು ಬಳಕೆಗೆ ತಂದವರು ಎರಿಕ್ ಎರಿಕ್ಸನ್ ಎಂಬ ಮನಶ್ಶಾಸ್ತ್ರಜ್ಞರು. ಅವರು ಹುಟ್ಟಿದ್ದು 1902ರಲ್ಲಿ ಜರ್ಮನಿಯಲ್ಲಿ. ತಾಯಿ ಡೆನ್ಮಾರ್ಕಿನ ಯಹೂದಿ ಹೆಂಗಸು. ಹೆತ್ತ ತಂದೆ ಯಾರೆಂದು ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ. ಸಾಕಿದ ತಂದೆ ಒಬ್ಬ ಮಕ್ಕಳ ಡಾಕ್ಟರು, ಅವರ ಹೆಸರೇ ಹುಡುಗನಿಗೆ ಬಂತು. ನೀಲಿ ಕಣ್ಣು, ಎತ್ತರದ ಮೈಕಟ್ಟು ಎಂದು ಯಹೂದಿ ಮಕ್ಕಳು ಅವರನ್ನು ಹೊರಗಿನವನು ಎಂದರು, ಶಾಲೆಯಲ್ಲಿ ಉಳಿದ ಮಕ್ಕಳು ಯಹೂದಿ ಎಂದು ಆಡಿಕೊಂಡರು. 1933ರಲ್ಲಿ ಅಮೆರಿಕಕ್ಕೆ ಬಂದರು, 1939ರಲ್ಲಿ ಪೌರರಾದಾಗ ಎರಿಕ್ಸನ್ ಎಂಬ ಹೆಸರನ್ನು ತಾವೇ ಇಟ್ಟುಕೊಂಡರು, ಸಾಕಿದ ತಂದೆಯ ಹೆಸರನ್ನು ನಡುವೆ ಒಂದು ಅಕ್ಷರವಾಗಿ ಉಳಿಸಿಕೊಂಡರು. ಇದನ್ನು ಓದಿದ ಮೇಲೆ ನನಗೆ ಅವರ ಪಾಠ ಬೇರೆ ತರ ಕಾಣಿಸಿತು. ಈ ವಯಸ್ಸಿನಲ್ಲಿ 'ನಾನು ಯಾರು' ಎಂದು ಕೇಳಿಕೊಳ್ಳುವುದು ಕಾಯಿಲೆ ಅಲ್ಲ, ಬೆಳೆಯುವವರೆಲ್ಲ ದಾಟುವ ಹೊಳೆ ಎಂದು ಅವರು ಹೇಳಿದ್ದು ತಮ್ಮ ಅನುಭವದಿಂದಲೂ ಇರಬೇಕು.

ಹೆಸರಿನ ತೊಂದರೆ ಸರಿ ಮಾಡಿಸಬಹುದು. ಪಾಸ್‌ಪೋರ್ಟ್ ನವೀಕರಿಸುವಾಗ ಸರ್‌ನೇಮ್ ಬೇರೆ ಮಾಡಿ ಹಾಕಿಸಿ, ಮುಂದಿನ ವೀಸಾದಲ್ಲಿ ಎಫ್‌ಎನ್‌ಯು ಹೋಗುತ್ತದೆ. ಆ ಸರ್‌ನೇಮ್ ಏನಿರಬೇಕು ಎಂದು ನಿನ್ನನ್ನು ಕೇಳಲಿ. ಅಪ್ಪನ ಹೆಸರೂ ಆಗಬಹುದು, ಊರಿನ ಹೆಸರೂ ಆಗಬಹುದು.

ಮೈಸೂರಿಗೆ ವಾಪಸ್

ನನ್ನದು ಉಲ್ಟಾ ಕಥೆ. ಹುಟ್ಟಿದ್ದು ಮಿಷಿಗನ್, ಹನ್ನೆರಡನೇ ವಯಸ್ಸಿನಲ್ಲಿ ಅಪ್ಪ ಅಮ್ಮ ಮೈಸೂರಿಗೆ ಕರೆತಂದರು. ಕ್ಲಾಸಿನಲ್ಲಿ ನನ್ನ ಹೆಸರೇ 'ಅಮೆರಿಕ' ಆಗಿಹೋಯಿತು. ಕನ್ನಡ ಸರಿಯಾಗಿ ಕಲಿತಿದ್ದು ಸಿಟಿ ಬಸ್ಸಿನಲ್ಲಿ. ಈಗ ನನಗಿಂತ ಮೈಸೂರಿನವಳು ಯಾರೂ ಇಲ್ಲ ಎಂದುಕೊಂಡಿದ್ದೆ. 2023ರ ಮೇ 10ರಂದು ವಿಧಾನಸಭೆ ಚುನಾವಣೆ. ಗೆಳತಿಯರೆಲ್ಲ ಮೊದಲ ಸಲ ಓಟು ಹಾಕಿ ಬೆರಳು ತೋರಿಸುತ್ತಾ ಫೋಟೋ ತೆಗೆಸಿಕೊಂಡರು. ನನ್ನದು ಒಸಿಐ, ಅಂದರೆ ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಕಾರ್ಡು, ಓಟು ಇಲ್ಲ. ಆ ಶಾಯಿ ತಯಾರಾಗುವುದು ನಮ್ಮ ಮೈಸೂರಿನಲ್ಲೇ, ಆ ಕಾರ್ಖಾನೆ ಮುಂದೆ ಎಷ್ಟೋ ಸಲ ಓಡಾಡಿದ್ದೇನೆ. ಅವತ್ತು ಫೋಟೋದಲ್ಲಿ ಕೈ ಹಿಂದೆ ಇಟ್ಟುಕೊಂಡು ನಿಂತೆ.

ಬುದ್ಧಿ ಹೇಳಲು ಬರೆಯುತ್ತಿಲ್ಲ. ನೀನು ಒಬ್ಬಳೇ ಅಲ್ಲ ಅಂತ ಅಷ್ಟೇ. ಯಾವಾಗ ಬೇಕಾದರೂ ಮೆಸೇಜ್ ಮಾಡು.

ಸಾಗರದ ಅಜ್ಜಿ

ನನಗೆ 71. ಪಕ್ಕದ ಮನೆ ಹುಡುಗ ಬರೆದುಕೊಡುತ್ತಿದ್ದಾನೆ. ನಿನ್ನದು ಅವನೇ ಓದಿ ಹೇಳಿದ.

ಪುಟ್ಟ, ನಾನೂ ಮೊಮ್ಮಗಳನ್ನು ಆರು ವರ್ಷ ಸಾಕಿದೆ. ಮಗಳು ಬಂದು ಕರೆದುಕೊಂಡು ಹೋದಳು. ಮಗು ಹೋದ ಮೇಲೆ ಒಂದು ತಿಂಗಳು ನನಗೆ ರೊಟ್ಟಿಯ ಲೆಕ್ಕ ತಪ್ಪುತ್ತಿತ್ತು. ಅವಳೂ ನನ್ನನ್ನು ಅಮ್ಮ ಎನ್ನುತ್ತಿದ್ದಳು. ಹೋಗುವ ಮೊದಲು ನಾನೇ ಕೂರಿಸಿಕೊಂಡು ಹೇಳಿಕೊಟ್ಟೆ, ಅಲ್ಲಿ ಹೋದ ಮೇಲೆ ಅವಳನ್ನು ಅಮ್ಮ ಅನ್ನು, ನನ್ನನ್ನು ಅಜ್ಜಿ ಅನ್ನು ಅಂತ. ಅವಳು ಹಾಗೇ ಮಾಡಿದಳು. ಮೊದಲ ಸಲ ಫೋನಿನಲ್ಲಿ ಅಜ್ಜಿ ಅಂದಾಗ ನಾನು ಬಚ್ಚಲಿಗೆ ಹೋಗಿ ಅತ್ತೆ.

ಒಂದು ಮಾತು ಹೇಳುತ್ತೇನೆ, ನನ್ನ ಮಗಳ ಹತ್ತಿರವೂ ಹೇಳಿಲ್ಲ. ಮಗುವನ್ನು ಕಳಿಸಲು ನಾನು ತಡ ಮಾಡಿದೆ. ಮಳೆಗಾಲ ಮುಗಿಯಲಿ ಎಂದೆ, ಹಬ್ಬ ಮುಗಿಯಲಿ ಎಂದೆ, ಒಂದನೇ ಕ್ಲಾಸು ಮುಗಿಯಲಿ ಎಂದೆ. ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ಎರಡು ವರ್ಷ ಹೇಗೆ ಏಳು ವರ್ಷ ಆಯಿತು ಅಂತ ನಿನ್ನ ಅಜ್ಜಿಯನ್ನೂ ಒಂದು ಸಲ ಕೇಳು. ಸಿಟ್ಟಿನಿಂದ ಕೇಳಬೇಡ.

ಹಾಸನದ ಅಕ್ಕ

ಅಮ್ಮಾ, ನಿಮ್ಮ ಕಾಲಿಗೆ ನಮಸ್ಕಾರ. ನನ್ನ ಅಮ್ಮನೂ 'ಹಬ್ಬ ಮುಗಿಯಲಿ' ಎನ್ನುತ್ತಿದ್ದರು. ನನಗೆ ಆಗ ಸಿಟ್ಟು ಬರುತ್ತಿತ್ತು. ಇವತ್ತು ಅವರಿಗೆ ಫೋನ್ ಮಾಡುತ್ತೇನೆ.

ಅಡಿಕೆತೋಟ09

ಎಲ್ಲರ ಬರಹ ಓದಿದೆ. ಒಂಬತ್ತು ದಿನ ಆಯಿತು, ಉತ್ತರ ಬರೆಯಲು ಆಗಲಿಲ್ಲ. ಕ್ಷಮಿಸಿ.

ಸಾಗರದ ಅಮ್ಮ ಹೇಳಿದ ಹಾಗೆ ಕೇಳಿದೆ. ಅಜ್ಜಿ ಬಂಡೆ ಮೇಲೆ ಕೂತು ಮಾತಾಡುತ್ತಿದ್ದರು, ಈಗ ಮಾವ ಕರೆದುಕೊಂಡು ಹೋಗುತ್ತಾರೆ. ಕೇಳಿದ ತಕ್ಷಣ ಸುಮ್ಮನಾದರು. ಕಾಲ್ ಕಟ್ ಆಯಿತು ಅಂದುಕೊಂಡೆ. ಆಮೇಲೆ ಹೇಳಿದರು. 2013ರಲ್ಲಿ ಮಮ್ಮಿ ನನ್ನನ್ನು ಕರೆದುಕೊಂಡು ಹೋಗಲು ಬಂದಿದ್ದರಂತೆ. ವೀಸಾ ಆಗಿತ್ತು, ಟಿಕೆಟ್ ಆಗಿತ್ತು. ನನಗೆ ನಾಲ್ಕು ವರ್ಷ. ಹೊರಡುವ ದಿನ ನಾನು ಅಜ್ಜಿಯ ಸೀರೆ ಹಿಡಿದು ಬಿಡಲಿಲ್ಲವಂತೆ, ಅತ್ತು ಅತ್ತು ಜ್ವರ ಬಂತಂತೆ. ಅಜ್ಜಿ 'ಮಗುವನ್ನು ಹೀಗೆ ಎಳೆದುಕೊಂಡು ಹೋಗಬೇಡ, ಇನ್ನೊಂದು ವರ್ಷ ಇರಲಿ' ಎಂದರಂತೆ. ಅಜ್ಜನೂ ಅದನ್ನೇ ಹೇಳಿದರಂತೆ. ಮಮ್ಮಿ ಒಬ್ಬರೇ ವಾಪಸ್ ಹೋದರು. ಮರುವರ್ಷ ತಮ್ಮ ಹುಟ್ಟಿದ. ಆಮೇಲೆ ಹಾಗೇ ಮುಂದೆ ಹೋಯಿತು. 'ನನ್ನದೂ ತಪ್ಪಿದೆ ಕೂಸೇ' ಎಂದರು ಅಜ್ಜಿ.

ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಅವತ್ತು ಮಮ್ಮಿ ಅಡುಗೆ ಮನೆಯಲ್ಲಿ ಇದ್ದರು. ಹೋಗಿ 2013ರ ಬಗ್ಗೆ ಕೇಳಿದೆ. ಏನೂ ಮಾತಾಡದೆ ಸ್ಟೌವ್ ಆಫ್ ಮಾಡಿ ಒಳಗೆ ಹೋದರು. ನನ್ನ ಹಳೇ ಪಾಸ್‌ಪೋರ್ಟ್ ತಂದರು. ಅದರಲ್ಲಿ ಒಂದು ಎಚ್-4 ವೀಸಾ ಇದೆ, ಚೆನ್ನೈಯಲ್ಲಿ ಕೊಟ್ಟಿದ್ದು, ನನ್ನ ನಾಲ್ಕು ವರ್ಷದ ಫೋಟೋ, ಹಣೆಯಲ್ಲಿ ಅಜ್ಜಿ ಇಟ್ಟ ಕಪ್ಪು ಬೊಟ್ಟು. ಪಕ್ಕದ ಪುಟ ಖಾಲಿ. ಅಮೆರಿಕಕ್ಕೆ ಬಂದ ಸೀಲ್ ಅಲ್ಲಿ ಇರಬೇಕಿತ್ತು.

ನಾನು ಸಾರಿ ಹೇಳಲಿಲ್ಲ ಅಂಕಲ್. ಮಮ್ಮಿಯೂ ಹೇಳಲಿಲ್ಲ. ನಾವಿಬ್ಬರೂ ಅಡುಗೆ ಮನೆಯ ನೆಲದ ಮೇಲೆ ಕೂತೆವು. ತುಂಬಾ ಹೊತ್ತು ಕೂತೆವು. ತಮ್ಮ ಬಂದು ಏನಾಯಿತು ಎಂದು ಕೇಳಿದ, ಮಮ್ಮಿ ಅವನಿಗೂ ಪಾಸ್‌ಪೋರ್ಟ್ ತೋರಿಸಿದರು. ಅವನು ತನ್ನದನ್ನೂ ತಂದು ಪಕ್ಕದಲ್ಲಿ ಇಟ್ಟ. ಎರಡೂ ನೀಲಿ.

ಅಪ್ಪನ ಪ್ರಯಾರಿಟಿ ಡೇಟ್ 2015 ಅಂತೆ, ಇಬಿ-2 ಎಂಬ ಕೆಲಸದ ಗ್ರೀನ್ ಕಾರ್ಡ್ ವರ್ಗದಲ್ಲಿ. ಟೊರೊಂಟೊ ಅಣ್ಣ, ವಕೀಲರ ಹತ್ತಿರ ಡಿಸೆಂಬರ್‌ನಲ್ಲಿ ಹೋಗುತ್ತೇವೆ, ನನ್ನನ್ನೂ ಕರೆದುಕೊಂಡು ಹೋಗಲು ಅಪ್ಪ ಒಪ್ಪಿದ್ದಾರೆ. ಏನೇನು ಕೇಳಬೇಕು ಎಂದು ಬರೆದು ಕಳಿಸುತ್ತೀರಾ?

ರಾಮನಗರ ಅಂಕಲ್

ಮಗಳೇ, ಸಾರಿ ಹೇಳು ಎಂದಿದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ನನ್ನ ದೊಡ್ಡ ಮಗಳೂ ಮೂರು ವರ್ಷ ಚನ್ನಪಟ್ಟಣದಲ್ಲಿ ಅವಳ ಅಜ್ಜಿ ಹತ್ತಿರ ಇದ್ದಳು. ಈಗ ಅವಳಿಗೆ 19. ಅವಳಿಗೆ ನಿನ್ನ ಬರಹ ಓದಿ ಹೇಳಿದೆ, ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಪೂರ್ತಿ ಕೇಳಿದಳು. ಆಮೇಲೆ ಅವಳು ಏನು ಕೇಳಿದಳು ಎಂದು ಇಲ್ಲಿ ಬರೆಯುವುದಿಲ್ಲ. ಉತ್ತರ ಕೊಡಲು ರಾತ್ರಿ ಎರಡು ಗಂಟೆ ಆಯಿತು.

ಭಾನುವಾರದ ಮೇಷ್ಟ್ರು

ಪ್ರಬಂಧ ಏನಾಯಿತು ಮಗಳೇ?

ಅಡಿಕೆತೋಟ09

ಹಾಗೇ ಕೊಟ್ಟೆ ಸರ್, ಬದಲಾಯಿಸಲಿಲ್ಲ. ಮಮ್ಮಿ ಇನ್ನೊಂದು ಸಲ ಓದಿ ಒಂದು ಕಡೆ ತಿದ್ದಿದರು. ಸುಲಿದ ಅಡಿಕೆಯನ್ನು ಮರುದಿನ ಬೇಯಿಸುತ್ತಾರೆ, ನಾನು ಬೇಯಿಸಿ ಸುಲಿಯುತ್ತಾರೆ ಎಂದು ಬರೆದಿದ್ದೆ. ಅದು ಅವರಿಗೆ ಗೊತ್ತಿತ್ತು. ಅವರೂ ಅದೇ ಅಂಗಳದಲ್ಲಿ ಬೆಳೆದವರು, ಅದು ನನಗೆ ಹೊಳೆದೇ ಇರಲಿಲ್ಲ.

ಊರಲ್ಲಿ ಸುಲಿಯುವುದು ಶುರುವಾಗಿದೆಯಂತೆ. ಈ ಭಾನುವಾರ ಮಾವ ಬಂಡೆ ಹತ್ತಿರದಿಂದ ವಿಡಿಯೋ ಕಾಲ್ ಮಾಡಿಸುತ್ತೇನೆ ಎಂದಿದ್ದಾರೆ. ಯಾವಾಗಲೂ ನಾನೊಬ್ಬಳೇ ರೂಮಿನಲ್ಲಿ ಮಾತಾಡುತ್ತಿದ್ದೆ, ಈ ಸಲ ಹಾಲಿನಲ್ಲಿ ಕೂತು ಮಾಡೋಣ ಎಂದು ಮಮ್ಮಿ ಹೇಳಿದರು. ಇಲ್ಲಿ ಗಡಿಯಾರ ಹಿಂದಕ್ಕೆ ಹಾಕಿದ್ದಾರೆ, ಹಾಗಾಗಿ ಹನ್ನೊಂದೂವರೆ ಗಂಟೆ ವ್ಯತ್ಯಾಸ. ನಮಗೆ ಬೆಳಿಗ್ಗೆ ಐದಾದರೆ ಅಲ್ಲಿ ಸಂಜೆ ನಾಲ್ಕೂವರೆ, ಬೆಳಕಿರುವಾಗಲೇ ಅಜ್ಜಿ ಗುಡ್ಡ ಇಳಿಯಬಹುದು. ತಮ್ಮನೂ ಅಲಾರಂ ಇಟ್ಟುಕೊಂಡಿದ್ದಾನೆ.